ಬಲಗಾಲಿಗೆ ಲೇಸರ್, ಎಡಗಾಲಿಗೆ ಸ್ಟಾಕಿಂಗ್ಸ್

ಚಿಕ್ಕಮಗಳೂರಿನ ಎಂ.ಜಿ. ರೋಡಿನ ಸೀರೆ ಅಂಗಡಿಯೊಂದರಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಕೌಂಟರ್ ಹಿಂದೆ ನಿಂತರೆ ರಾತ್ರಿ ಎಂಟರವರೆಗೂ ನಿಂತೇ ಇರಬೇಕು. ಎರಡನೇ ಹೆರಿಗೆ ಆದ ಮೇಲೆ ಎರಡೂ ಮೀನಖಂಡದಲ್ಲಿ ಹುರಿ ಹಗ್ಗದ ಹಾಗೆ ನೀಲಿ ನರ ಎದ್ದವು. ನಾವು ನರ ಅಂತೀವಿ, ಆದರೆ ಅದು ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ಅದರೊಳಗೆ ಪುಟ್ಟ ಪುಟ್ಟ ಕವಾಟಗಳಿರುತ್ತವೆ. ಅವು ಸರಿಯಾಗಿ ಮುಚ್ಚದಿದ್ದರೆ ಮೇಲೆ ಹೋಗಬೇಕಾದ ರಕ್ತ ಕೆಳಗಿಳಿದು ನಿಲ್ಲುತ್ತದೆ, ನಾಳ ಉಬ್ಬುತ್ತದೆ. ಇದೇ ವೆರಿಕೋಸ್ ವೇನ್ಸ್.

ಮೊದಲು ಎಣ್ಣೆ. ಅತ್ತೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕೊಡುತ್ತಿದ್ದರು. ಒಣಗಿದ ಚರ್ಮದ ತುರಿಕೆ ಕಡಿಮೆಯಾಯಿತು, ಉಬ್ಬು ಹಾಗೇ ಇತ್ತು. ಉಬ್ಬಿದ ಜಾಗವನ್ನು ಗಟ್ಟಿಯಾಗಿ ತಿಕ್ಕಬೇಡಿ.

ಆಮೇಲೆ ಎರಡು ತಿಂಗಳು ಕ್ರೇಪ್ ಬ್ಯಾಂಡೇಜ್. ಬೆಲೆ ಕಡಿಮೆ, ಆದರೆ ಹನ್ನೊಂದು ಗಂಟೆಯಷ್ಟೊತ್ತಿಗೆ ಕೆಳಗೆ ಸಡಿಲವಾಗಿ ಮಂಡಿಯ ಹತ್ತಿರ ಮುದ್ದೆಯಾಗುತ್ತಿತ್ತು. ಪಾದದ ಗಂಟಿನ ಹತ್ತಿರ ಬಿಗಿ ಜಾಸ್ತಿ ಇರಬೇಕು, ಮೇಲೆ ಹೋದ ಹಾಗೆ ಕಡಿಮೆಯಾಗಬೇಕು. ನಾನು ಕಟ್ಟಿದ್ದು ಉಲ್ಟಾ ಆಗಿ ಸಂಜೆ ಪಾದ ಇನ್ನೂ ಊದುತ್ತಿತ್ತು.

ಆಮೇಲೆ ಸ್ಟಾಕಿಂಗ್ಸ್, ಅಂದರೆ ಮಂಡಿಯ ಕೆಳಗಿನ ತನಕ ಬರುವ ಬಿಗಿಯಾದ ಎಲಾಸ್ಟಿಕ್ ಕಾಲುಚೀಲ. ಮೊದಲ ಜೊತೆ ದಂಡವಾಯಿತು. ಸಂಜೆ ಕಾಲು ಊದಿರುವಾಗ ಹೋಗಿದ್ದೆ, ಅಂಗಡಿಯವರು ಅಳತೆ ತೆಗೆಯದೆ ಒಂದು ಸೈಜ್ ಕೊಟ್ಟುಬಿಟ್ಟರು. ಎರಡನೆಯದಕ್ಕೆ ಡಾಕ್ಟರು ಮೊದಲು ಪಾದದ ನಾಡಿ ನೋಡಿದರು. ಕಾಲಿಗೆ ಹೋಗುವ ರಕ್ತವೇ ಕಡಿಮೆ ಇರುವವರು, ಸಕ್ಕರೆ ಕಾಯಿಲೆಯವರು ಕೇಳದೆ ಹಾಕಿಕೊಳ್ಳಬಾರದಂತೆ. ಆಮೇಲೆ ಕ್ಲಾಸ್ 2, ಅಂದರೆ ಮಧ್ಯಮ ಬಿಗಿಯದ್ದು, ಬರೆದುಕೊಟ್ಟರು. ಬೆಳಿಗ್ಗೆ ಎದ್ದ ತಕ್ಷಣ ಪಾದದ ಗಂಟು, ಮೀನಖಂಡ, ಹಿಮ್ಮಡಿಯಿಂದ ಮಂಡಿಯ ಕೆಳಗಿನ ತನಕದ ಉದ್ದ, ಮೂರೂ ಅಳತೆ ತೆಗೆದು ತಂದೆ.

ಹಾಕಿಕೊಳ್ಳೋದನ್ನು ಕಲಿಯಲು ಒಂದು ವಾರ ಬೇಕಾಯಿತು. ಹಿಮ್ಮಡಿಯ ತನಕ ಒಳಮಗ್ಗುಲು ಹೊರಗೆ ಬರುವ ಹಾಗೆ ತಿರುಗಿಸಿ, ಬೆರಳು ತೂರಿಸಿ, ಹಿಮ್ಮಡಿ ಸರಿಯಾಗಿ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲೆ ಸವರಬೇಕು. ತುದಿ ಹಿಡಿದು ಎಳೆದರೆ ಆಗುವುದಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಹಾಸಿಗೆಯಿಂದ ಇಳಿದು ಓಡಾಡುವ ಮೊದಲೇ ಹಾಕಿಕೊಳ್ಳಬೇಕು, ರಾತ್ರಿ ತೆಗೆಯಬೇಕು. ನಮ್ಮೂರ ಮಳೆಗಾಲಕ್ಕೆ ಎರಡು ಜೊತೆ ಬೇಕೇ ಬೇಕು, ಜುಲೈನಲ್ಲಿ ಒಂದು ಒಣಗಲು ಎರಡು ದಿನ. ಒಲೆ ಹತ್ತಿರ ಹಾಕಬೇಡಿ, ಬಿಸಿಗೆ ಎಲಾಸ್ಟಿಕ್ ಹಾಳಾಗುತ್ತದೆ. ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಹೊಸದು ತರಬೇಕು. ಇಷ್ಟೆಲ್ಲಾ ರಗಳೆ ಇದ್ದರೂ ರಾತ್ರಿ ಎಂಟಕ್ಕೆ ಕಾಲು ಸೀಸದ ಹಾಗೆ ಭಾರವಾಗುತ್ತಿದ್ದದ್ದು ನಿಂತಿತು. ಉಬ್ಬು ಮಾತ್ರ ಹೋಗಲಿಲ್ಲ.

ಎಡಗಾಲಿಗೆ ಅಷ್ಟು ಸಾಕಾಯಿತು. ಬಲಗಾಲಿಗೆ ಸಾಲಲಿಲ್ಲ. ಪಾದದ ಗಂಟಿನ ಒಳಮಗ್ಗುಲಲ್ಲಿ ಚರ್ಮ ಕಪ್ಪಾಗಿ ಗಟ್ಟಿಯಾಗತೊಡಗಿತು. ಸುಮ್ನೆ ಬಿಟ್ಟರೆ ಅಲ್ಲಿ ಮಾಯದ ಹುಣ್ಣಾಗಬಹುದು ಅಂದರು. ಮಂಗಳೂರಿನಲ್ಲಿ ನನ್ನನ್ನು ನಿಲ್ಲಿಸಿ, ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದಾಗ ತೊಡೆಸಂದಿನಿಂದಲೇ ಕವಾಟ ಸೋರುತ್ತಿರುವುದು ಕಂಡಿತು. ಮಂಡಿ ಹತ್ತಿರ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತಲೇ ಸಣ್ಣ ತಂತಿ ತೂರಿಸಿ, ಲೇಸರ್ ಬಿಸಿಯಿಂದ ಆ ನಾಳವನ್ನು ಒಳಗೇ ಮುಚ್ಚಿದರು. ಒಂದು ನಾಳ ಮುಚ್ಚಿದರೆ ರಕ್ತಕ್ಕೆ ದಾರಿ ಎಲ್ಲಿ ಅಂತ ಹೆದರಿದ್ದೆ. ಕಾಲಿನ ರಕ್ತದ ಹೆಚ್ಚು ಪಾಲು ಒಳಗಿನ ದೊಡ್ಡ ನಾಳಗಳಲ್ಲೇ ಹೋಗುತ್ತದಂತೆ. ಜಾಗ ಮರಗಟ್ಟಿಸುವ ಸೂಜಿಗಳೇ ಹೆಚ್ಚು ನೋವು ಕೊಟ್ಟವು. ಅದೇ ದಿನ ನಡೆದುಕೊಂಡು ಹೊರಬಂದೆ. ಕಾರಲ್ಲಿ ಒಂದೇ ಸಮ ಕೂರಬೇಡಿ ಅಂದಿದ್ದರು. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಇಳಿದೆ. ಮನೆಯವರು ನೀರ್‌ದೋಸೆ ತಿನ್ನುವಷ್ಟು ಹೊತ್ತು ರಸ್ತೆ ಬದಿ ನಡೆದಾಡಿದೆ. ತೊಡೆಯಲ್ಲಿ ಹತ್ತು ದಿನ ದಾರ ಎಳೆದ ಹಾಗೆ ಬಿಗಿತ, ಆಮೇಲೆ ಸರಿಹೋಯಿತು. ಖರ್ಚು ದೊಡ್ಡದು, ನಿಜ. ಚರ್ಮ ಕಪ್ಪಾಗುತ್ತಿರುವವರು ಸ್ಟಾಕಿಂಗ್ಸ್ ನಂಬಿಕೊಂಡು ವರ್ಷಗಟ್ಟಲೆ ಕಾಯಬೇಡಿ. ನಾನು ಕಾದು ತಪ್ಪು ಮಾಡಿದೆ, ಆ ಕಪ್ಪು ಪೂರ್ತಿ ಹೋಗಿಲ್ಲ.

ತೊಡೆಯ ಮೇಲೆ ಜೇಡನ ಬಲೆಯ ಹಾಗೆ ಕೆಂಪು-ನೀಲಿ ಗೆರೆಗಳೂ ಇದ್ದವು. ಅವಕ್ಕೆ ಸಣ್ಣ ಸೂಜಿಯಲ್ಲಿ ಔಷಧಿ ಬಿಟ್ಟು ನಾಳ ಒಣಗಿಸುತ್ತಾರೆ. ಎರಡು ಸಲ ಹೋದೆ. ಗೆರೆ ಮಾಸಿದವು, ಆದರೆ ಕಂದು ಕಲೆ ನಾಲ್ಕು ತಿಂಗಳು ಉಳಿಯಿತು. ಚಂದಕ್ಕೆ ಅಷ್ಟೇ. ನೋವಿಲ್ಲದ ಗೆರೆಗೆ ನಾನಾದರೆ ಮತ್ತೆ ದುಡ್ಡು ಹಾಕುವುದಿಲ್ಲ.

ಲೇಸರ್ ಆದ ಕಾಲಲ್ಲೂ ಬೇರೆ ನಾಳ ಉಬ್ಬಬಹುದು. ಅದಕ್ಕೆ ವರಮಹಾಲಕ್ಷ್ಮಿ ಹಬ್ಬದ ರಶ್ಶಿನಲ್ಲಿ ಎರಡೂ ಕಾಲಿಗೆ ಸ್ಟಾಕಿಂಗ್ಸ್. ಸೀರೆ ಮಡಿಸುತ್ತಲೇ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಮೀನಖಂಡ ಹಿಂಡಿದಾಗ ರಕ್ತ ಮೇಲೇರುತ್ತದೆ. ಭಾನುವಾರ ರತ್ನಗಿರಿ ಬೋರೆಯಲ್ಲಿ ವಾಕಿಂಗ್. ರಾತ್ರಿ ಕಾಲ ಕೆಳಗೆ ಎರಡು ದಿಂಬು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋವು ಬಂದರೆ ಮಾತ್ರ ಇದ್ಯಾವುದೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ನಮ್ಮ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಸಂಜೆ ಚಪ್ಪಲಿ ಬಿಟ್ಟು ನಿಂತಿದ್ದಳು. ಪಾದದ ಮೇಲೆ ಪಟ್ಟಿಯ ಅಚ್ಚು ಒತ್ತಿಕೊಂಡಿತ್ತು. "ಅಕ್ಕಾ, ನಿಮ್ಮ ಹಾಗೇ ಆಗುತ್ತಾ?" ಅಂದಳು. "ಮೊದಲು ಡಾಕ್ಟರಿಗೆ ತೋರಿಸು. ಸ್ಟಾಕಿಂಗ್ಸ್ ಹಾಕ್ಕೋ ಅಂದರೆ ಬೆಳಿಗ್ಗೆ ಎದ್ದ ತಕ್ಷಣ ಅಳತೆ ತಗೋ" ಅಂತ ಬ್ಲೌಸ್ ಪೀಸ್ ಅಳೆಯುವ ಟೇಪನ್ನೇ ಕೊಟ್ಟು ಕಳಿಸಿದೆ.