ಹಳೇ ಉಕ್ಕು-ಅದಿರು ಜರ್ನಲ್‌ಗಳ ಡಿಜಿಟಲ್ ಲೈಬ್ರರಿ: ಓದೋಕೆ ಸಿಗುತ್ತೆ, ನೋಡೋಕೆ ಸಿಗಲ್ಲ

5ಕ್ಕೆ 3 ಸ್ಟಾರ್ ಕೊಡ್ತಾ ಇದ್ದೀನಿ. ಕಾರಣ ಸ್ವಲ್ಪ ಉದ್ದ ಇದೆ, ಆದ್ರೆ ಈ ವಿಷಯದಲ್ಲಿ ಆಸಕ್ತಿ ಇದ್ದು ಚಂದಾ ಕಟ್ಟೋಣ ಅಂತ ಯೋಚನೆ ಮಾಡ್ತಿರೋರು ಪೂರ್ತಿ ಓದಿ.

ನಾನು ಉಕ್ಕಿನ ಹೀಟ್ ಟ್ರೀಟ್‌ಮೆಂಟ್ ಕೆಲಸದಲ್ಲಿರೋನು (ಅಂದ್ರೆ ಉಕ್ಕನ್ನ ಕಾಯ್ಸಿ, ತಣ್ಣಗೆ ಮಾಡಿ ಗುಣ ಬದಲಾಯ್ಸೋದು), ಆರು ತಿಂಗಳಿಂದ ಹೆಚ್ಚುಕಮ್ಮಿ ದಿನಾ ರಾತ್ರಿ ಒಂದು ಗಂಟೆ ಇದರಲ್ಲಿ ಕೂರ್ತೀನಿ. 1890ರಿಂದ 1930ರ ತನಕ ಲೋಹಶಾಸ್ತ್ರ, ಬ್ಲಾಸ್ಟ್ ಫರ್ನೇಸ್ (ಅದಿರು ಕರಗಿಸಿ ಕಬ್ಬಿಣ ತೆಗೆಯೋ ಕುಲುಮೆ), ಅದಿರಿನ ಭೂವಿಜ್ಞಾನದ ಮೇಲೆ ಬಂದ ಜರ್ನಲ್‌ಗಳು, ಸರ್ವೆ ವರದಿಗಳು ಎಲ್ಲಾ ಒಂದೇ ಕಡೆ ಇವೆ. ಸಂಗ್ರಹದ ಬಗ್ಗೆ ಒಂದು ಮಾತೂ ತೆಗೆಯೋ ಹಾಗಿಲ್ಲ. 1900ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ರೋಜೆಬೋಮ್ ಫೇಸ್ ರೂಲ್ (ಒಂದು ಮಿಶ್ರಣದಲ್ಲಿ ಎಷ್ಟು ರೂಪಗಳು ಒಟ್ಟಿಗೆ ಇರಬಹುದು ಅನ್ನೋ ನಿಯಮ) ಹಿಡ್ಕೊಂಡು ಕಬ್ಬಿಣ-ಇಂಗಾಲದ ನಕ್ಷೆಯನ್ನ (ಯಾವ ಉಷ್ಣತೆಗೆ, ಎಷ್ಟು ಇಂಗಾಲಕ್ಕೆ ಉಕ್ಕು ಯಾವ ರೂಪದಲ್ಲಿರುತ್ತೆ ಅಂತ ತೋರ್ಸೋ ಗ್ರಾಫ್) ಮೊದಲ ಸಲ ಸರಿಯಾಗಿ ಕಟ್ಟಿದ್ದು, ಅದಕ್ಕೂ ಮುಂಚೆ ಬ್ರಿಟಿಷ್ ಲೋಹಶಾಸ್ತ್ರಜ್ಞ ರಾಬರ್ಟ್ಸ್-ಆಸ್ಟೆನ್ ಬರೆದ ನಕ್ಷೆ, ಎರಡನ್ನೂ ಪಕ್ಕಪಕ್ಕ ತೆರೆದಿಟ್ಟು ನೋಡೋಕಾಗೋದು ನನ್ನಂಥೋರಿಗೆ ಹಬ್ಬ. ನಾವು ದಿನಾ ಬಳಸೋ ನಕ್ಷೆ ಹುಟ್ಟಿದ್ದು ಹೀಗೆ ಅಂತ ಕಣ್ಣೆದುರಿಗೇ ಕಾಣುತ್ತೆ.

ಆದ್ರೆ ಸ್ಕ್ಯಾನ್. ಇಲ್ಲೇ ಎರಡು ಸ್ಟಾರ್ ಹೋಗಿದ್ದು.

ಆ ಕಾಲದ ಲೋಹಶಾಸ್ತ್ರದ ಪ್ರಬಂಧದಲ್ಲಿ ಫೋಟೋ ಅನ್ನೋದು ಅಲಂಕಾರಕ್ಕೆ ಹಾಕಿದ್ದಲ್ಲ, ಸಾಕ್ಷಿನೇ ಅದು. 1860ರ ದಶಕದಲ್ಲಿ ಶೆಫೀಲ್ಡ್‌ನ ಹೆನ್ರಿ ಸಾರ್ಬಿ ಉಕ್ಕಿನ ತುಂಡನ್ನ ಪಾಲಿಶ್ ಮಾಡಿ, ಆಸಿಡ್‌ನಲ್ಲಿ ಎಚ್ ಮಾಡಿ (ಮೇಲ್ಮೈಯನ್ನ ಸ್ವಲ್ಪ ಸವೆಸಿ) ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ್ಲಿಂದ ವಾದ ಎಲ್ಲಾ ಕಣ್ಣಲ್ಲಿ ಕಂಡಿದ್ದರ ಮೇಲೇ ನಿಂತಿದೆ. ಉಕ್ಕಿನೊಳಗಿನ ಪರ್ಲೈಟ್ ಅಂದ್ರೆ ಮೆತ್ತಗಿರೋ ಫೆರೈಟೂ (ಹೆಚ್ಚುಕಮ್ಮಿ ಶುದ್ಧ ಕಬ್ಬಿಣ) ಗಡುಸಾಗಿರೋ ಸಿಮೆಂಟೈಟೂ (ಕಬ್ಬಿಣ-ಇಂಗಾಲದ ಸಂಯುಕ್ತ) ಪದರ ಪದರವಾಗಿ ಕೂತಿರೋದು, ಆ ಪದರ ಎಷ್ಟು ತೆಳ್ಳಗಿದೆ, ಎಲ್ಲಿ ಒಡೆದಿದೆ ಅನ್ನೋದನ್ನ ಮಾತಲ್ಲಿ ಎಷ್ಟು ಬರೆದ್ರೂ ಫೋಟೋ ನೋಡಿದ ಹಾಗಾಗಲ್ಲ. ಇವ್ರು ಬಹಳಷ್ಟು ಸಂಪುಟಗಳನ್ನ ಬರೀ ಕಪ್ಪು-ಬಿಳುಪಲ್ಲಿ ಸ್ಕ್ಯಾನ್ ಮಾಡಿದ್ದಾರೆ, ಮಧ್ಯದ ಬೂದು ಛಾಯೆ ಒಂದೂ ಇಲ್ಲ, ಅಕ್ಷರಕ್ಕೆ ಅದು ಚೆನ್ನಾಗೇ ಇರುತ್ತೆ, ಫೈಲೂ ಚಿಕ್ಕದಾಗುತ್ತೆ, ಆದ್ರೆ ಮೈಕ್ರೋಗ್ರಾಫ್ (ಮೈಕ್ರೋಸ್ಕೋಪಲ್ಲಿ ತೆಗೆದ ಫೋಟೋ) ಪುಟ ಬಂತು ಅಂದ್ರೆ ಮಸಿ ಚೆಲ್ಲಿದ ಹಾಗೆ ಒಂದು ದುಂಡನೆ ಕಪ್ಪು ಮಚ್ಚೆ. ಕೆಳಗೆ ನೀಟಾಗಿ ಬರೆದಿರುತ್ತೆ, ಇಷ್ಟು ಡಿಗ್ರಿಯಿಂದ ನೀರಿಗೆ ಹಾಕಿದ್ದು, ಇಷ್ಟು ಪಟ್ಟು ದೊಡ್ಡದು ಮಾಡಿದ್ದು ಅಂತ. ಮೇಲೆ ನೋಡಿದ್ರೆ ಏನೂ ಇಲ್ಲ. ಲೇಖಕ ಹೇಳಿದ್ದನ್ನ ನಂಬಬೇಕು ಅಷ್ಟೇ, ಪರೀಕ್ಷೆ ಮಾಡೋ ದಾರಿನೇ ಮುಚ್ಚಿಬಿಟ್ಟಿದ್ದಾರೆ.

ಅದಿರಿನ ಕಡೆಗೂ ಇದೇ ಕಥೆ. 1905ರಲ್ಲಿ 'ಎಕನಾಮಿಕ್ ಜಿಯಾಲಜಿ' ಅನ್ನೋ ಜರ್ನಲ್ ಶುರುವಾಯ್ತು, ಮುಂದಿನ ವರ್ಷವೇ ವಿಲಿಯಂ ಕ್ಯಾಂಪ್‌ಬೆಲ್ ಅನ್ನೋ ಲೋಹಶಾಸ್ತ್ರಜ್ಞ ಅದರಲ್ಲಿ ಅಪಾರದರ್ಶಕ ಖನಿಜಗಳನ್ನ ಮೈಕ್ರೋಸ್ಕೋಪಲ್ಲಿ ನೋಡೋ ಬಗ್ಗೆ ಬರೆದ. ಕಲ್ಲನ್ನ ತೆಳ್ಳಗೆ ತೇಯ್ದು ಅದರೊಳಗಿಂದ ಬೆಳಕು ಹಾಯ್ಸಿ ನೋಡೋದು ಭೂವಿಜ್ಞಾನಿಗಳ ರೂಢಿ, ಆದ್ರೆ ಸಲ್ಫೈಡ್ ಅದಿರಿನಲ್ಲಿ ಬಹಳಷ್ಟು ಖನಿಜಗಳೊಳಗೆ ಬೆಳಕು ಹಾಯೋದೇ ಇಲ್ಲ. ಉಕ್ಕಿನೋರ ಹಾಗೆ ಪಾಲಿಶ್ ಮಾಡಿ ಮೇಲಿಂದ ಬೆಳಕು ಬಿಟ್ಟು ನೋಡಿದಾಗ ಪೈರೈಟಿನ (ಕಬ್ಬಿಣದ ಸಲ್ಫೈಡ್) ಅಂಚನ್ನ ಚಾಲ್ಕೊಸೈಟ್ (ತಾಮ್ರದ ಸಲ್ಫೈಡ್) ಕೊರೆದು ತಾನು ಆ ಜಾಗಕ್ಕೆ ಬಂದು ಕೂತಿರೋದು ಕಾಣಿಸುತ್ತೆ. ಯಾವುದು ಮೊದಲು ಬಂದಿದ್ದು ಯಾವುದು ಆಮೇಲೆ ಬಂದಿದ್ದು ಅಂತ ತೀರ್ಮಾನ ಆಗೋದೇ ಆ ಅಂಚಿನ ಮೇಲೆ. ಮೇಲಿಂದ ಇಳಿಯೋ ನೀರು ತಾಮ್ರವನ್ನ ಕರಗಿಸ್ಕೊಂಡು ಕೆಳಗೆ ಹೋಗಿ ಅದಿರನ್ನ ಸಮೃದ್ಧ ಮಾಡುತ್ತೆ ಅನ್ನೋ ವಾದ ಆಗ ಬಿಸಿಬಿಸಿಯಾಗಿತ್ತು, ಅದಕ್ಕೆ ಇಂಥ ಅಂಚುಗಳೇ ಆಧಾರ. ಆ ಕಾಲದ ಅದಿರು ಪ್ರಬಂಧಗಳ ಪ್ಲೇಟ್ (ಫೋಟೋ ಅಚ್ಚಾದ) ಪುಟಗಳು ಇಲ್ಲಿ ಹೇಗಿವೆ ಅಂದ್ರೆ ಅಂಚು ಎಲ್ಲಿದೆ ಅಂತಾನೇ ಗೊತ್ತಾಗಲ್ಲ.

ನ್ಯಾಯವಾಗಿ ಹೇಳ್ಬೇಕು ಅಂದ್ರೆ, ಮತ್ತೆ ಸ್ಕ್ಯಾನ್ ಮಾಡಿಕೊಡಿ ಅಂತ ಕೇಳೋ ವ್ಯವಸ್ಥೆ ಇದೆ. ನಾನು ನಾಲ್ಕು ಪ್ಲೇಟ್ ಕೇಳಿದ್ದೆ. ಮೂರು ವಾರ ಆಯ್ತು, ಮಧ್ಯೆ ಎರಡು ಸಲ ನೆನಪಿಸ್ಬೇಕಾಯ್ತು, ಬಂದಾಗ ಮಾತ್ರ ಗ್ರೇಸ್ಕೇಲಲ್ಲಿ ಎಷ್ಟು ಚೆನ್ನಾಗಿ ಬಂತು ಅಂದ್ರೆ ಜೂಮ್ ಮಾಡಿದ್ರೆ ಹಾಫ್‌ಟೋನ್ ಚುಕ್ಕಿಗಳೇ ಕಾಣೋ ತನಕ ಹೋಗಬಹುದು. ಕಾಯ್ಸಿ ನೀರಿಗೆ ಅದ್ದಿ ಗಡುಸು ಮಾಡಿದ ಉಕ್ಕಿನ ಒಂದು ಫೋಟೋದಲ್ಲಿ ಮಾರ್ಟೆನ್ಸೈಟಿನ (ಹಾಗೆ ಅದ್ದಿದಾಗ ಹುಟ್ಟೋ ಗಡುಸು ರೂಪ) ಸೂಜಿಗಳು ಅಡ್ಡಾದಿಡ್ಡಿ ಚುಚ್ಕೊಂಡಿರೋದು ನೋಡಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ, ನೂರು ವರ್ಷಕ್ಕೂ ಹಿಂದೆ ಯಾರೋ ಗಾಜಿನ ಪ್ಲೇಟ್ ಮೇಲೆ ಹಿಡಿದಿದ್ದು, ನಾನು ಮೊನ್ನೆ ಡ್ಯೂಟೀಲಿ ನೋಡಿದ್ದೂ ಅದನ್ನೇ. ಇಷ್ಟು ಚೆನ್ನಾಗಿ ಮಾಡೋಕೆ ಬರುತ್ತೆ ಅಂದ್ಮೇಲೆ ಮೊದಲೇ ಯಾಕೆ ಹಾಗೆ ಮಾಡ್ಲಿಲ್ಲ ಅನ್ನೋದೇ ನನ್ನ ಹೊಟ್ಟೆಉರಿ.

ಬ್ಲಾಸ್ಟ್ ಫರ್ನೇಸ್ ವಿಭಾಗ ಬೇಕಾದೋರು ಧೈರ್ಯವಾಗಿ ಚಂದಾ ಕಟ್ಟಿ, ಅಲ್ಲಿ ಜಾಸ್ತಿ ಕೋಷ್ಟಕಗಳು, ಅವು ಚೆನ್ನಾಗೇ ಓದೋಕೆ ಬರುತ್ತೆ. ನಾನು ಮೊದಲು ಹುಡುಕಿದ್ದು ಅಮೆರಿಕದ ಉಕ್ಕು ಎಂಜಿನಿಯರ್ ಜೇಮ್ಸ್ ಗೇಯ್ಲಿ 1904ರಲ್ಲಿ ಒಣ ಗಾಳಿ ಬಗ್ಗೆ ಮಂಡಿಸಿದ ಪ್ರಬಂಧ. ಪಿಟ್ಸ್‌ಬರ್ಗ್ ಹತ್ರ ಎಟ್ನಾದ ಇಸಬೆಲ್ಲಾ ಕುಲುಮೆಗೆ ಊದೋ ಗಾಳಿಯನ್ನ ಅಮೋನಿಯಾ ಯಂತ್ರದಿಂದ ತಣ್ಣಗೆ ಮಾಡಿ ತೇವ ತೆಗೆದು ಊದಿದ್ರು. ಮುಂಚೆ ದಿನಕ್ಕೆ 358 ಟನ್ ಕಬ್ಬಿಣ, ಟನ್ನಿಗೆ 2,147 ಪೌಂಡ್ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ). ಆಮೇಲೆ 447 ಟನ್, ಟನ್ನಿಗೆ 1,726 ಪೌಂಡ್. ಅಂದ್ರೆ ಕೋಕ್ ಸುಮಾರು 20 ಪರ್ಸೆಂಟ್ ಉಳಿತಾಯ. ನೀರಿನ ಆವಿ ಕಾದ ಕೋಕ್ ಜೊತೆ ಸೇರಿ ಒಡೆಯೋವಾಗ ಶಾಖ ಹೀರುತ್ತೆ ಅನ್ನೋದು ಎಲ್ಲರಿಗೂ ಗೊತ್ತಿತ್ತು, ಆದ್ರೆ ಬರೀ ಆ ಲೆಕ್ಕ ಹಾಕಿದ್ರೆ ಇಷ್ಟು ಉಳಿತಾಯ ಬರಲ್ಲ, ಅದಕ್ಕೇ ಆಗ ಇದರ ಬಗ್ಗೆ ಅಷ್ಟು ಜಗಳ. ನನಗೆ ಒಪ್ಪಿಗೆಯಾಗೋ ವಿವರಣೆ ಏನಂದ್ರೆ ಕುಲುಮೆಯ ತಳದಲ್ಲಿ ಕಿಟ್ಟ ಕರಗಿ ಹರಿಯೋ ಉಷ್ಣತೆಗಿಂತ ಮೇಲಿರೋ ಶಾಖ ಮಾತ್ರ ಅಲ್ಲಿ ಕೆಲಸಕ್ಕೆ ಬರೋದು, ಆ ಮೇಲಿನ ಪಾಲೇ ಚಿಕ್ಕದು, ಹಾಗಾಗಿ ಅಲ್ಲಿ ಸ್ವಲ್ಪ ಶಾಖ ಉಳಿದ್ರೂ ಪರಿಣಾಮ ದೊಡ್ಡದು. ಒಂದು ಎಚ್ಚರಿಕೆ, ತೇವವನ್ನ ಒಂದು ಘನ ಅಡಿ ಗಾಳಿಗೆ ಇಷ್ಟು ಗ್ರೇನ್ (ತೂಕದ ಹಳೇ ಅಳತೆ) ಅಂತ ಕೊಟ್ಟಿರ್ತಾರೆ, ಘನ ಅಡಿಗೆ ಒಂದು ಗ್ರೇನ್ ಅಂದ್ರೆ ಒಂದು ಘನ ಮೀಟರಿಗೆ ಸುಮಾರು 2.3 ಗ್ರಾಂ ಅಂತ ಬರೆದಿಟ್ಕೊಳ್ಳಿ.

ಇನ್ನೊಂದು ತಪ್ಪು ನನಗೆ ಸ್ಕ್ಯಾನಿಗಿಂತ ಜಾಸ್ತಿ ನೋವು ಕೊಟ್ಟಿದ್ದು. ಆಗೆಲ್ಲಾ ಸಭೆಯಲ್ಲಿ ಪ್ರಬಂಧ ಓದಿದ್ಮೇಲೆ ನಡೆದ ಚರ್ಚೆಯನ್ನೂ ಅದರ ಹಿಂದೆಯೇ ಅಚ್ಚು ಹಾಕ್ತಿದ್ರು. ಇವ್ರು ಸಂಪುಟವನ್ನ ಒಂದೊಂದು ಪ್ರಬಂಧಕ್ಕೆ ಒಂದೊಂದು ಫೈಲ್ ಅಂತ ಕತ್ತರಿಸಿದಾಗ ಎಷ್ಟೋ ಕಡೆ ಚರ್ಚೆಯ ಪುಟಗಳು ಯಾವ ಫೈಲಿಗೂ ಸೇರದೆ ಬಿಟ್ಟುಹೋಗಿವೆ. ಬೀಟಾ ಕಬ್ಬಿಣದ ಕಥೆ ತಗೊಳ್ಳಿ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೆಯ ಥರ್ಮೊಕಪಲ್ (ಹೆಚ್ಚು ಉಷ್ಣತೆ ಅಳೆಯೋ ತಂತಿ ಜೋಡಿ) ಇಟ್ಕೊಂಡು ಅದೇ ದೇಶದ ಲೋಹಶಾಸ್ತ್ರಜ್ಞ ಆಸ್ಮಂಡ್ ಕಬ್ಬಿಣ ತಣ್ಣಗಾಗೋದನ್ನ ಅಳೆದಾಗ ಅಲ್ಲಲ್ಲಿ ಉಷ್ಣತೆ ಇಳಿಯೋದು ತಡೆದು ನಿಲ್ಲೋದು ಕಾಣಿಸ್ತು, ಅದರ ಮೇಲೆ ಸುಮಾರು 770 ಮತ್ತು 910 ಡಿಗ್ರಿ ನಡುವೆ ಬೀಟಾ ಅನ್ನೋ ಬೇರೆ ರೂಪ ಇದೆ, ಕಾಯ್ಸಿ ಅದ್ದಿದ ಉಕ್ಕು ಗಡುಸಾಗೋದು ಅದರಿಂದಲೇ ಅಂತ ವಾದ ಕಟ್ಟಿದ. ಇನ್ನೊಂದು ಗುಂಪು ಗಡಸುತನಕ್ಕೆ ಇಂಗಾಲವೇ ಕಾರಣ ಅಂತ. ಮೂವತ್ತು ವರ್ಷ ನಡೀತು ಇದು. 1921ರಲ್ಲಿ ಸ್ವೀಡನ್ ವಿಜ್ಞಾನಿ ವೆಸ್ಟ್‌ಗ್ರೆನ್ ಕಾದ ಕಬ್ಬಿಣದ ಮೇಲೆ ಎಕ್ಸ್-ರೇ ಬಿಟ್ಟು ನೋಡಿದಾಗ ಬೀಟಾದ ಪರಮಾಣು ಜೋಡಣೆಯೂ ಆಲ್ಫಾದ್ದೂ (ಮಾಮೂಲಿ ಉಷ್ಣತೆಯ ಕಬ್ಬಿಣ) ಒಂದೇ ಅಂತ ಗೊತ್ತಾಯ್ತು, ಅಲ್ಲಿ ಕಳೆದುಹೋಗೋದು ಕಾಂತತ್ವ ಮಾತ್ರ. ಆ ಮೂವತ್ತು ವರ್ಷದಲ್ಲಿ ಯಾರು ಯಾರಿಗೆ ಏನು ಪ್ರಶ್ನೆ ಹಾಕಿದ್ರು, ಯಾರು ಎಲ್ಲಿ ಪಟ್ಟು ಬಿಡ್ಲಿಲ್ಲ ಅನ್ನೋದು ಇರೋದು ಆ ಚರ್ಚೆಯ ಪುಟಗಳಲ್ಲೇ. ಅದಕ್ಕೆ ಒಂದೊಂದೇ ಫೈಲ್ ಇಳಿಸ್ಕೋಬೇಡಿ, ಇಡೀ ಸಂಪುಟ ಇಳಿಸ್ಕೊಳ್ಳಿ, ಅದರಲ್ಲಿ ಎಲ್ಲಾ ಪುಟ ಇರುತ್ತೆ.

ಸರ್ಚ್ ಪರವಾಗಿಲ್ಲ. ದಶಮಾಂಶದ ಚುಕ್ಕಿ ಚಿತ್ರದಿಂದ ಅಕ್ಷರ ಓದೋ ಓಸಿಆರ್‌ಗೆ ಸಿಗಲ್ಲ, 0.45 ಇದ್ದಿದ್ದು 045 ಆಗಿರುತ್ತೆ, ಇಂಗಾಲದ ಪ್ರಮಾಣ ಕಾಪಿ ಮಾಡೋಕೆ ಮುಂಚೆ ಪುಟದ ಚಿತ್ರ ನೋಡಿ. ಹಳೇ ಹೆಸರುಗಳನ್ನೂ ಹಾಕಿ ಹುಡುಕಿ, ಮಾರ್ಟೆನ್ಸೈಟ್ ಅಂತ ಹುಡುಕಿದ್ರೆ ಹಾರ್ಡೆನೈಟ್ ಅಂತ ಬರೆದೋರು ಸಿಗಲ್ಲ, ಉಕ್ಕಿನ ಬೇರೆ ರೂಪಗಳಾದ ಸಾರ್ಬೈಟ್, ಟ್ರೂಸ್ಟೈಟ್ ಎಲ್ಲಾ ಬೇರೆ ಬೇರೆಯಾಗಿ ಹುಡುಕ್ಬೇಕು.

ಕೊನೇದಾಗಿ ಭೂಪಟದ ನಕ್ಷೆಗಳು. ಅಮೆರಿಕದ ಲೇಕ್ ಸುಪೀರಿಯರ್ ಸರೋವರದ ಸುತ್ತಲಿನ ಕಬ್ಬಿಣದ ಅದಿರಿನ ಬಗ್ಗೆ ಭೂವಿಜ್ಞಾನಿಗಳಾದ ವ್ಯಾನ್ ಹೈಸ್, ಲೀತ್ ಇಬ್ರೂ ಮಾಡಿದ ಕೆಲಸ ನನಗೆ ಬಹಳ ಇಷ್ಟ, ಕಬ್ಬಿಣ ಕಮ್ಮಿ ಇರೋ ಗಟ್ಟಿ ಕಲ್ಲಿನಿಂದ ನೀರು ಸಿಲಿಕಾವನ್ನ ತೊಳ್ಕೊಂಡು ಹೋಗಿ ಮೆತ್ತನೆ ಸಮೃದ್ಧ ಅದಿರು ಉಳಿಯೋದನ್ನ ಅವ್ರು ಜಾಗ ಜಾಗಕ್ಕೆ ಹೋಗಿ ತೋರಿಸಿದ್ರು. ಲೀತ್ ಅಲ್ಲಿನ ಮೆಸಾಬಿ ಅದಿರು ಪ್ರದೇಶದ ಬಗ್ಗೆ 1903ರಲ್ಲಿ ಕೊಟ್ಟ ವರದಿ ಇಲ್ಲಿದೆ, ಅಕ್ಷರ ಎಲ್ಲಾ ಸ್ಪಷ್ಟವಾಗಿದೆ, ಆದ್ರೆ ಮಡಚಿಟ್ಟ ದೊಡ್ಡ ನಕ್ಷೆಯನ್ನ ಬಿಚ್ಚದೇ ಸ್ಕ್ಯಾನ್ ಮಾಡಿದ್ದಾರೆ, ಕಾಣೋದು ಮೇಲಿನ ಒಂದು ಮಡಿಕೆ ಮಾತ್ರ. ಓದ್ತಾ ಓದ್ತಾ ನಕ್ಷೆ ನೋಡಿ ಅಂದ ಕಡೆಯೆಲ್ಲಾ ನಿಲ್ಲಬೇಕಾಗುತ್ತೆ. ಹೋದ ತಿಂಗಳ ಕೊನೇಲಿ ಬಿಚ್ಚಿ ಸ್ಕ್ಯಾನ್ ಮಾಡಿಕೊಡಿ ಅಂತ ಬರೆದಿದ್ದೀನಿ, ನಿಮ್ಮ ಮನವಿ ಸಾಲಲ್ಲಿದೆ ಅಂತ ಉತ್ತರ ಬಂದಿದೆ. ನಕ್ಷೆ ಪೂರ್ತಿ ಬಂದ್ರೆ ಇಲ್ಲಿ ನಾಲ್ಕನೇ ಸ್ಟಾರ್ ಹಾಕ್ತೀನಿ.