ಮೇಲಿನ ಗುಡಿಯೋ, ಕೆಳಗಿನ ಗುಡಿಯೋ: ಬುರಿರಾಮ್‌ನಲ್ಲಿ ಅಮ್ಮನ ಜೊತೆ ಎರಡು ದಿನ

ಥಾಯ್ಲೆಂಡಿನ ಬುರಿರಾಮ್ ಪ್ರಾಂತ್ಯಕ್ಕೆ ಹಳೆಯ ಗುಡಿ ನೋಡಲು ಹೋಗುವವರಲ್ಲಿ ಹೆಚ್ಚಿನವರು ಪನೋಮ್ ರುಂಗ್‌ಗಾಗಿಯೇ ಹೋಗುತ್ತಾರೆ. ಅಲ್ಲಿಂದ ಎಂಟು ಕಿಲೋಮೀಟರ್ ದೂರದ ಮುವಾಂಗ್ ತಮ್ ಅವರ ಪಾಲಿಗೆ ಕೊಸರು. ನಾನೂ ಹಾಗೆಂದುಕೊಂಡೇ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಈಗ ಯಾರಾದರೂ ಕೇಳಿದರೆ ಮೊದಲು ಮುವಾಂಗ್ ತಮ್ ಹೆಸರನ್ನೇ ಹೇಳುತ್ತೇನೆ.

ಎರಡೂ ಖ್ಮೇರರ, ಅಂದರೆ ಕಾಂಬೋಡಿಯದ ಹಳೆಯ ಅರಸರ, ಕಾಲದ ಶಿವಾಲಯಗಳು. ಆರಿಹೋದ ಜ್ವಾಲಾಮುಖಿ ಬೆಟ್ಟದ ನೆತ್ತಿಯ ಮೇಲೆ ಪನೋಮ್ ರುಂಗ್ ಇದೆ. ಖ್ಮೇರ್ ಭಾಷೆಯಲ್ಲಿ ಆ ಹೆಸರಿಗೆ ದೊಡ್ಡ ಬೆಟ್ಟ ಎಂದೇ ಅರ್ಥ. ಮುವಾಂಗ್ ತಮ್ ಎಂದರೆ ತಗ್ಗಿನ ಊರು. ಅಮ್ಮ ಮೊದಲ ದಿನವೇ ಈ ಹೆಸರುಗಳನ್ನು ಬಿಟ್ಟು ‘ಮೇಲಿನ ಗುಡಿ’, ‘ಕೆಳಗಿನ ಗುಡಿ’ ಎಂದು ಕರೆಯತೊಡಗಿದಳು. ನಾನೂ ಹಾಗೇ ಬರೆಯುತ್ತೇನೆ.

ಮೇಲಿನ ಗುಡಿಯಲ್ಲಿ ನಮಗಾದ ತೊಂದರೆ ಗೇಟಿನದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ಗುಡಿಯ ಸೊಗಸಿನಲ್ಲಿ ಅರ್ಧ ಪಾಲು ಅದರ ದಾರಿಯಲ್ಲೇ ಇದೆ. ಪೂರ್ವದ ಕೆಳಗಿನ ಗೇಟಿನಿಂದ ಹೋದರೆ ಇಕ್ಕೆಲಗಳಲ್ಲೂ ತಾವರೆ ಮೊಗ್ಗಿನ ತಲೆಯ ಕಲ್ಲುಕಂಬಗಳು ನಿಂತ, ಸುಮಾರು 160 ಮೀಟರ್ ಉದ್ದದ ಹಾಸುದಾರಿ ಸಿಗುತ್ತದೆ. ಆಮೇಲೆ ಐದು ಹೆಡೆಯ ನಾಗಗಳ ಸೇತುವೆ, ಅದಾದ ಮೇಲೆ ಕಡಿದಾದ ಮೆಟ್ಟಿಲು. ಮೆಟ್ಟಿಲು ಹತ್ತುತ್ತಾ ಹೋದಂತೆ ಶಿಖರ ಸ್ವಲ್ಪಸ್ವಲ್ಪವಾಗಿ ಮೇಲೇಳುತ್ತದೆ. ಕಟ್ಟಿದವರು ಹೀಗೆಯೇ ನೋಡಲಿ ಎಂದು ಕಟ್ಟಿದ್ದು.

ನಾವು ದಿನಕ್ಕೆ 1,500 ಬಾತ್‌ಗೆ ಗೊತ್ತುಮಾಡಿದ್ದ ಕಾರಿನವನು ಅಮ್ಮನ ಮಂಡಿನೋವು ನೋಡಿ, ಒಳ್ಳೆಯ ಮನಸ್ಸಿನಿಂದಲೇ, ಗುಡಿಗೆ ಹತ್ತಿರವಾಗುವ ಮೇಲಿನ ಗೇಟಿನ ಬಳಿ ಇಳಿಸಿಬಿಟ್ಟ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಗುಡಿಯ ಪಕ್ಕದ ಗೋಡೆ ಎದುರಾಯಿತು. ದಾರಿಯೂ ಇಲ್ಲ, ನಾಗಸೇತುವೆಯೂ ಇಲ್ಲ. ಊಟದ ಎಲೆಯಲ್ಲಿ ನೇರವಾಗಿ ಮಜ್ಜಿಗೆ ಅನ್ನ ಬಡಿಸಿದಂತಾಯಿತು. ಎಲ್ಲೋ ತಪ್ಪಿದೆ ಎಂದು ಗೊತ್ತಾಗಿ, ಅಮ್ಮನನ್ನು ನೆರಳಲ್ಲಿ ಕೂರಿಸಿ ನಾನೊಬ್ಬಳೇ ಕೆಳಗಿನವರೆಗೆ ಇಳಿದೆ, ಮತ್ತೆ ಹತ್ತಿದೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು; ಮೆಟ್ಟಿಲಿನ ಕಲ್ಲು ಬಾಣಲೆಯಂತೆ ಕಾದಿತ್ತು. ನೋಡಿದ್ದು ಸಾರ್ಥಕವೇ, ಆದರೆ ಅಮ್ಮನಿಗೆ ಆ ದಾರಿ ಸಿಗಲಿಲ್ಲ ಎಂಬ ಬೇಸರ ಇವತ್ತಿಗೂ ಹೋಗಿಲ್ಲ. ಗಾಡಿ ಗೊತ್ತುಮಾಡುವಾಗಲೇ ‘ಮೊದಲು ಕೆಳಗಿನ ಗೇಟು’ ಎಂದು ಫೋನಿನಲ್ಲಿ ಥಾಯ್ ಭಾಷೆಗೆ ಅನುವಾದಿಸಿ ತೋರಿಸಿ. ಜೊತೆಗಿರುವ ಹಿರಿಯರಿಗೆ ಮೆಟ್ಟಿಲು ಆಗದಿದ್ದರೆ ಹಾಸುದಾರಿಯನ್ನಾದರೂ ನಡೆಸಿ, ಆಮೇಲೆ ಕಾರಿನಲ್ಲಿ ಮೇಲಿನ ಗೇಟಿಗೆ ಕರೆದೊಯ್ಯಿರಿ.

ಗುಡಿಯ ವಿಷಯಕ್ಕೆ ಬಂದರೆ, ಕೆತ್ತನೆಯಲ್ಲಿ ಮೇಲಿನ ಗುಡಿಗೇ ಹೆಚ್ಚು ಅಂಕ. ಮುಖ್ಯ ಗೋಪುರ 12ನೇ ಶತಮಾನದ್ದು, ಅಂದರೆ ನಮ್ಮ ಬೇಲೂರಿನ ಕಾಲದ್ದೇ. ಆದರೆ ಬಳಪದ ಕಲ್ಲಿನ ಕುಸುರಿ ಇಲ್ಲಿಲ್ಲ. ಇದು ನಸುಗೆಂಪು ಮರಳುಕಲ್ಲು. ಪೂರ್ವದ ಬಾಗಿಲ ಮೇಲೆ ನಟರಾಜ, ಅವನ ಕೆಳಗಿನ ತೊಲೆಯಲ್ಲಿ ಅನಂತಶಯನ ವಿಷ್ಣು. ಈ ತೊಲೆ 1960ರ ದಶಕದಲ್ಲಿ ಕಳುವಾಗಿ, ಅಮೆರಿಕದ ಶಿಕಾಗೋ ಕಲಾ ಸಂಗ್ರಹಾಲಯದಲ್ಲಿ ಪತ್ತೆಯಾಗಿ, 1988ರಲ್ಲಿ ವಾಪಸ್ ಬಂತು. ಅದು ಮತ್ತೆ ತನ್ನ ಜಾಗದಲ್ಲೇ ಕೂತಿರುವುದನ್ನು ಕಣ್ಣಾರೆ ಕಂಡಾಗ ಗಂಟಲು ಕಟ್ಟಿತು.

ಗರ್ಭಗುಡಿಯ ಲಿಂಗಕ್ಕೆ ಕೈಮುಗಿದು ಅಮ್ಮ ಪ್ರದಕ್ಷಿಣೆ ಹೊರಟಳು. ಉತ್ತರದ ಕಡೆ ಅಭಿಷೇಕದ ನೀರು ಹರಿದುಬರಲೆಂದು ಮಾಡಿದ ಕಲ್ಲಿನ ಕಾಲುವೆ ಕಂಡದ್ದೇ ಗಕ್ಕನೆ ನಿಂತಳು. ‘ಸೋಮಸೂತ್ರ ಕಣೇ, ದಾಟಬಾರದು’ ಎಂದು ಬಂದ ದಾರಿಯಲ್ಲೇ ಹಿಂತಿರುಗಿದಳು. ನೀರು ಕಾಣದ ಆ ಕಲ್ಲಿಗೂ ಅಮ್ಮ ಕೊಟ್ಟ ಮರ್ಯಾದೆ ನೋಡಿ ನಾನೂ ದಾಟಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಹುಟ್ಟುವ ಸೂರ್ಯ ಈ ಗುಡಿಯ ಹದಿನೈದು ಬಾಗಿಲುಗಳನ್ನೂ ನೇರವಾಗಿ ಹಾದುಬರುತ್ತಾನೆ, ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ಅದಕ್ಕೆಂದೇ ಬರುವ ಜನಜಂಗುಳಿ ನನಗೆ ಆಗುವುದಿಲ್ಲ. ನಾವು ಆ ದಿನಗಳನ್ನು ಬಿಟ್ಟೇ ಹೋದೆವು.

ಕೆಳಗಿನ ಗುಡಿಗೆ ಮಾರನೆಯ ದಿನ ಸಂಜೆ ನಾಲ್ಕಕ್ಕೆ ಹೋದೆವು. ಹತ್ತುವುದು ಏನೂ ಇಲ್ಲ, ಹೊಸ್ತಿಲು ದಾಟಿದರೆ ಸಾಕು. ಇದು ಮೇಲಿನ ಗೋಪುರಕ್ಕಿಂತ ಹಳೆಯದು, 10ನೇ ಶತಮಾನದ ಕೊನೆಯಿಂದ 11ನೇ ಶತಮಾನದೊಳಗಿನದು. ಜಂಬಿಟ್ಟಿಗೆಯ ಒಂದೇ ಜಗತಿಯ ಮೇಲೆ ಇಟ್ಟಿಗೆಯ ಐದು ಗೋಪುರಗಳಿದ್ದವು. ನಡುವಿನದು ಬಿದ್ದುಹೋಗಿ ಬುಡ ಮಾತ್ರ ಉಳಿದಿದೆ. ಒಂದು ಗೋಪುರದ ಬಾಗಿಲ ಮೇಲೆ ನಂದಿಯೇರಿದ ಉಮಾಮಹೇಶ್ವರರು. ಇನ್ನೊಂದು ಕಡೆ ಗೋವರ್ಧನ ಎತ್ತಿದ ಕೃಷ್ಣ. ಅವನನ್ನು ಗುರುತಿಸಲು ಅಮ್ಮನಿಗೆ ಯಾವ ಫಲಕವೂ ಬೇಕಾಗಲಿಲ್ಲ.

ನನ್ನ ಮನಸ್ಸು ಸೋತದ್ದು ಕೊಳಗಳಿಗೆ. ಅಂಗಳದ ನಾಲ್ಕು ಮೂಲೆಯಲ್ಲೂ ಒಂದೊಂದು ಕೊಳ, ಮೂಲೆಗೆ ಹೊಂದಿಕೊಂಡು ಮಡಿಚಿದ ಆಕಾರ. ಕೊಳದ ಅಂಚು ಎಂದರೆ ಉದ್ದಕ್ಕೂ ಮಲಗಿದ ನಾಗನ ಮೈ. ಆ ಮೈ ಮೂಲೆಗೆ ಬಂದಾಗ ಎದ್ದು ಐದು ಹೆಡೆ ಬಿಚ್ಚುತ್ತದೆ. ಮೇಲಿನ ಗುಡಿಯ ನಾಗಗಳಿಗೆ ಕಿರೀಟವಿದೆ, ಇಲ್ಲಿಯವಕ್ಕೆ ಇಲ್ಲ. ಬೋಳು ತಲೆ, ನುಣುಪು ಕತ್ತು. ತಾವರೆ ಎಲೆಗಳ ನಡುವೆ ಇಟ್ಟಿಗೆಯ ಬಣ್ಣ ನೀರಿನಲ್ಲಿ ಅಲುಗಾಡುತ್ತಿತ್ತು. ಅಮ್ಮ ಕಟ್ಟೆಯ ಹತ್ತಿರ ಕೂತು ಮುಕ್ಕಾಲು ಗಂಟೆ ಏಳಲೇ ಇಲ್ಲ. ಗೋಡೆಯಾಚೆಗೇ ಊರು. ಕೋಳಿ ಕೂಗುವುದು, ಮೊಪೆಡ್ ಹೋಗುವುದು ಎಲ್ಲ ಕೇಳುತ್ತದೆ. ಉತ್ತರಕ್ಕಿರುವ ಖ್ಮೇರರ ಕಾಲದ ಕೆರೆ ಒಂದು ಕಿಲೋಮೀಟರಿಗೂ ಉದ್ದ, ಇವತ್ತಿಗೂ ತುಂಬಿದೆ. ಕೆರೆ, ಏರಿ, ಪಕ್ಕದಲ್ಲಿ ಗುಡಿ: ನಮ್ಮ ಬಯಲುಸೀಮೆಯವರಿಗೆ ಇದು ಪರದೇಶ ಅನ್ನಿಸುವುದೇ ಇಲ್ಲ.

ಉಳಿದ ಎರಡು ಜಾಗಗಳ ಬಗ್ಗೆ ಚುಟುಕಾಗಿ. ಬುರಿರಾಮ್ ಪಟ್ಟಣದ ಹತ್ತಿರದ ಖಾವ್ ಕ್ರದೊಂಗ್‌ನಲ್ಲಿ 297 ಮೆಟ್ಟಿಲು, ಮೇಲೆ ದೊಡ್ಡ ಬುದ್ಧ, ಮಕ್ಕಳಿದ್ದರೆ ಹೋಗಿ. ವಾಟ್ ಖಾವ್ ಅಂಗ್‌ಖಾನ್ ಎಂಬ ಬೌದ್ಧ ದೇಗುಲದಲ್ಲಿ ದ್ವಾರವತಿ (ಥಾಯ್ಲೆಂಡಿನ ಹಳೆಯ ರಾಜ್ಯ, ನಮ್ಮ ದ್ವಾರಕೆಯಲ್ಲ) ಕಾಲದ ಗಡಿಕಲ್ಲುಗಳು ಚೆನ್ನಾಗಿವೆ, ಕಟ್ಟಡ ಹೊಸದು.

ಊಟಕ್ಕೆ ಸಸ್ಯಾಹಾರಿಗಳು ‘ಜೇ’ ಎಂಬ ಒಂದು ಪದ ಕಲಿತರೆ ಸಾಕು. ಪಪ್ಪಾಯಿ ಸಲಾಡಿಗೂ ಮೀನಿನ ಸಾಸ್ ಹಾಕುತ್ತಾರೆ, ಮೊದಲೇ ಹೇಳಿ.

ನನ್ನ ಲೆಕ್ಕ ಹೀಗೆ. ನಾನು ಹೋದಾಗ ಎರಡಕ್ಕೂ ಸೇರಿ 150 ಬಾತ್ ಟಿಕೆಟ್ ಇತ್ತು, ಹಾಗಾಗಿ ಟಿಕೆಟ್ಟಿನಲ್ಲಿ ಉಳಿಸುವುದೇನಿಲ್ಲ, ಖರ್ಚೆಲ್ಲ ಗಾಡಿಗೆ. ಎಪ್ಪತ್ತು ಕಿಲೋಮೀಟರ್ ದೂರದ ಬುರಿರಾಮ್‌ನಲ್ಲಿ ಉಳಿದು ನಾವು ಎರಡು ದಿನ ಕಾರಿಗೆ ಕೊಟ್ಟೆವು. ಗುಡಿಗಳಿಗೆ ಹತ್ತಿರದ ನಾಂಗ್ ರೋಂಗ್ ಪಟ್ಟಣದಲ್ಲಿ ಉಳಿದಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು: ಬೆಳಿಗ್ಗೆ ಬಿಸಿಲೇರುವ ಮೊದಲು ಮೇಲಿನದು, ಸಂಜೆ ಕೆಳಗಿನದು. ಒಂದನ್ನೇ ನೋಡುವಷ್ಟು ಹೊತ್ತಿದ್ದರೆ, ಕೆತ್ತನೆಗಾಗಿ ಹೋಗುವವರು ಬೆಟ್ಟ ಹತ್ತಲಿ. ನಾನು ಕೂತು ನೋಡುವವಳು, ಜೊತೆಗೆ ಅಮ್ಮ ಇರುತ್ತಾಳೆ, ನನಗೆ ಕೆಳಗಿನದೇ. ಮುಂದಿನ ಸಲ ಗುಡಿಯ ಪಕ್ಕದ ಬಾನ್ ಖೋಕ್ ಮುವಾಂಗ್ ಹಳ್ಳಿಯ ಹೋಮ್‌ಸ್ಟೇಯಲ್ಲೇ ಉಳಿದು, ತಾವರೆ ಅರಳುವ ಹೊತ್ತಿಗೆ ಕೊಳದ ಬಳಿ ಇರಬೇಕು ಎಂದು ಅಮ್ಮ ಆಗಲೇ ಹೇಳಿಟ್ಟಿದ್ದಾಳೆ.