ಸಿಂಗಾಪುರದಿಂದ ಕ್ರೂಸ್ ಹತ್ತೋರು ದಯವಿಟ್ಟು ಓದಿ: "ಹೋಟೆಲ್, ಟ್ರಾನ್ಸ್‌ಫರ್ ಎಲ್ಲಾ ನಾವೇ ನೋಡ್ಕೋತೀವಿ" ಅನ್ನೋರನ್ನ ನಂಬಬೇಡಿ

ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗಿ, ಅಲ್ಲಿ ಉಳಿದು, ಆಮೇಲೆ ಕ್ರೂಸ್ ಹತ್ತೋ ಪ್ಲಾನ್ ಇದ್ದರೆ ಇದನ್ನ ಓದಿ. ಉದ್ದ ಆಗುತ್ತೆ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಹೇಳಿದ್ದನ್ನೇ ಹೇಳಿದರೂ ಸಹಿಸಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ, ಹಡಗಿನ ಬಗ್ಗೆ ನನ್ನ ತಕರಾರಿಲ್ಲ. ಹಡಗು ಚೆನ್ನಾಗಿತ್ತು, ಸಸ್ಯಾಹಾರವೂ ಸಿಕ್ಕಿತು. ನನ್ನ ಜಗಳ ಇರೋದು ಹಡಗು ಹತ್ತುವವರೆಗಿನ ವ್ಯವಸ್ಥೆ ಮಾಡಿಕೊಟ್ಟ ಟ್ರಾವೆಲ್ಸ್‌ನವರ ಜೊತೆ. ಬೆಂಗಳೂರಿನವರೇ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ, ಅದಕ್ಕೇ ಹೆಸರು ಹಾಕುತ್ತಿಲ್ಲ.

ಕ್ರೂಸ್ ಟಿಕೆಟ್ ನಾವೇ ಬುಕ್ ಮಾಡಿದ್ದೆವು. ನಾನು, ಗಂಡ, ಜೊತೆಗೆ ಅತ್ತೆ, ಮಾವ, ಮಗಳು. ವಯಸ್ಸಾದವರನ್ನ ಲಗೇಜ್ ಸಮೇತ ಮೆಟ್ರೋದಲ್ಲಿ ಓಡಾಡಿಸೋದು ಬೇಡ ಅಂತ ಉಳಿದದ್ದನ್ನ ಇವರಿಗೆ ಕೊಟ್ಟೆವು. ಹೋಟೆಲ್, ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ, ಹೋಟೆಲ್‌ನಿಂದ ಹಡಗಿಗೆ, ವಾಪಸ್ ಬಂದ ಮೇಲೆ ಹಡಗಿನಿಂದ ಏರ್‌ಪೋರ್ಟ್‌ಗೆ. ಇಷ್ಟೇ ಕೆಲಸ. "ಮೇಡಂ, ನೀವು ಚಪ್ಪಲಿ ಹಾಕ್ಕೊಂಡು ಹೊರಟರೆ ಸಾಕು, ಮಿಕ್ಕಿದ್ದು ನಮಗೆ ಬಿಡಿ" ಅಂದಿದ್ದರು. ಐದು ಜನಕ್ಕೂ ಕಂಪನಿ ಹೆಸರಿರೋ ಕಿತ್ತಳೆ ಬಣ್ಣದ ಟೋಪಿ ಬೇರೆ ಕೊಟ್ಟರು. ಮಾವ ಪಾಪ, ಕೆಂಪೇಗೌಡ ಏರ್‌ಪೋರ್ಟ್‌ನಲ್ಲೇ ಹಾಕಿಕೊಂಡರು.

ಚಾಂಗಿಯಲ್ಲಿ ಬೆಳಗಿನ ಜಾವ ಇಳಿದೆವು. ಬೋರ್ಡ್ ಹಿಡಿದವನು ಇದ್ದ, ಸರಿ. ಆದರೆ ಹೊರಡಲಿಲ್ಲ. ಇನ್ನೊಂದು ವಿಮಾನದ ಜನ ಬರಬೇಕಂತೆ. ಕಾದೆವು. ಮತ್ತೊಂದು ಗುಂಪಿಗೂ ಕಾದೆವು. ಯಾಕೆ ಅಂತ ಕೇಳಿದರೆ ವೋಚರ್‌ನ ಮೂಲೆಯಲ್ಲಿ "ಎಸ್‌ಐಸಿ" ಅಂತ ಇತ್ತು, ಅಂದರೆ ಸೀಟ್ ಇನ್ ಕೋಚ್, ನಾಲ್ಕಾರು ಪಾರ್ಟಿಯವರನ್ನ ಒಂದೇ ಗಾಡಿಗೆ ತುಂಬೋದು. ನಮಗೆ ಬಾಯಲ್ಲಿ ಹೇಳಿದ್ದು ಪ್ರೈವೇಟ್ ಗಾಡಿ. ದುಡ್ಡು ಹಿಡಿದದ್ದೂ ಪ್ರೈವೇಟ್ ಗಾಡಿಯದ್ದೇ.

ಹೋಟೆಲ್ ಇದ್ದದ್ದು ಲಿಟಲ್ ಇಂಡಿಯಾದಲ್ಲಿ, ಫ್ಯಾರರ್ ಪಾರ್ಕ್ ಸ್ಟೇಷನ್ ಹತ್ತಿರ. ಜಾಗ ಒಳ್ಳೆಯದೇ. ಶಾಪಿಂಗ್‌ಗೆ ಮುಸ್ತಫಾ ಸೆಂಟರ್ ಪಕ್ಕದಲ್ಲೇ, ಇಡ್ಲಿ ಕಾಫಿ ಎದುರಿಗೇ. ಅರ್ಲಿ ಚೆಕ್ ಇನ್ ಮಾಡಿಸಿದ್ದೀವಿ ಅಂದಿದ್ದರು. ಕೌಂಟರ್‌ನಲ್ಲಿ ಕೇಳಿದರೆ ಅಂಥ ರಿಕ್ವೆಸ್ಟೇ ಬಂದಿಲ್ಲ, ರೂಮು ಮಧ್ಯಾಹ್ನ 3ಕ್ಕೆ ಅಂದರು. ಅತ್ತೆ ಲಾಬಿ ಸೋಫಾದಲ್ಲೇ ಕೂತು ನಿದ್ದೆ ಮಾಡಿದರು. ಇದನ್ನೂ ಬಿಡಿ, ನಡೆಯುತ್ತೆ.

ರೂಮಿನ ಕಥೆ ಕೇಳಿ. ಮಾರನೆಯ ದಿನ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಸೂರ್ಯನಿಗೆ ಕೈ ಮುಗಿಯೋಣ ಅಂತ ಪರದೆ ಸರಿಸಿದ್ದಾರೆ. ಪರದೆ ಹಿಂದೆ ಗೋಡೆ! ಬಿಳಿ ಪೇಂಟ್ ಹೊಡೆದ ಸಾದಾ ಗೋಡೆ. ಕಿಟಕಿ ಇರಬಹುದು ಅನ್ನಿಸೋ ಹಾಗೆ ಎರಡು ಮಡಿಕೆ ದಪ್ಪ ಪರದೆ, ಪಕ್ಕದಲ್ಲಿ ಎಳೆಯೋಕೆ ದಾರ, ಎಲ್ಲಾ ಇದೆ, ಕಿಟಕಿ ಒಂದಿಲ್ಲ. ಅತ್ತೆ ನಮ್ಮ ರೂಮಿಗೆ ಬಂದು "ಕಿಟಕಿ ಎಲ್ಲಿಟ್ಟಿದ್ದಾರಮ್ಮ?" ಅಂತ ಕೇಳಿದರು. ನಾನು ನಮ್ಮ ರೂಮಿನ ಪರದೆ ಎಳೆದೆ. ಇಲ್ಲೂ ಗೋಡೆ. ಆಮೇಲೆ ತಿಳಿಯಿತು, ಸಿಂಗಾಪುರದಲ್ಲಿ ಕಡಿಮೆ ದರದ ಎಷ್ಟೋ ಹೋಟೆಲ್‌ಗಳು ಕಿಟಕಿ ಇಲ್ಲದ ರೂಮನ್ನ ಬೇರೆ ರೇಟಿಗೆ ಮಾರುತ್ತವೆ. ಬುಕ್ ಮಾಡುವಾಗ "ನೋ ವಿಂಡೋ" ಅಂತ ಬರೆದೂ ಇರುತ್ತಾರೆ. ಹೋಟೆಲ್‌ನವರು ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ನಮ್ಮ ಟ್ರಾವೆಲ್ಸ್‌ನವರು.

ಫೋನ್ ಮಾಡಿದೆ. ಬಂದ ಉತ್ತರ ಕೇಳಿ.

"ಮೇಡಂ, ಸಿಂಗಾಪುರಕ್ಕೆ ಹೋಗಿ ರೂಮಲ್ಲಿ ಯಾರು ಕೂತ್ಕೋತಾರೆ? ಸುತ್ತಾಡೋಕೆ ತಾನೇ ಹೋಗಿರೋದು?"

ಸರ್, ನೀವು ಡೀಲಕ್ಸ್ ರೂಮ್ ಅಂದಿದ್ರಿ ಅಂದೆ.

"ಡೀಲಕ್ಸೇ ಮೇಡಂ. ವಿಂಡೋ ಬೇಕಂದ್ರೆ ಬೇರೆ ಕೆಟಗರಿ. ನೀವು ಕೇಳಿರಲಿಲ್ಲ."

ರೂಮಿಗೆ ಬಾಗಿಲು ಇರುತ್ತಾ ಅಂತಲೂ ಕೇಳಬೇಕಿತ್ತೇನೋ. ಅಷ್ಟರಲ್ಲಿ ಅತ್ತೆ ಮೈಸೂರಿನ ತಂಗಿಗೆ ಫೋನ್ ಹಚ್ಚಿ "ಕಿಟಕೀನೇ ಇಲ್ಲ ಕಣೇ, ಗೋಡೆಗೆ ಪರದೆ ಹಾಕಿದಾರೆ" ಅಂತ ಜೋರಾಗಿ ಹೇಳುತ್ತಿದ್ದರು. ಈ ಏಜೆಂಟನ್ನ ಹುಡುಕಿದ್ದು ನಾನು ಅಂತ ಆ ಕಡೆಯವರಿಗೆಲ್ಲ ಗೊತ್ತು. ನನ್ನ ಮುಖ ಹೇಗಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಮಗಳ ಎಕ್ಸ್‌ಟ್ರಾ ಬೆಡ್ ಪ್ಯಾಕೇಜಲ್ಲೇ ಇದೆ ಅಂದಿದ್ದರು. ಇರಲಿಲ್ಲ. ಹೋಟೆಲ್‌ನವರು ರಾತ್ರಿಗೆ 50 ಡಾಲರ್ ಪ್ಲಸ್ ಪ್ಲಸ್ ಅಂದರು. ಅಲ್ಲಿ ಪ್ಲಸ್ ಪ್ಲಸ್ ಅಂದರೆ ಮೇಲೆ 10% ಸರ್ವಿಸ್ ಚಾರ್ಜ್, ಅದೂ ಸೇರಿದ ಮೊತ್ತದ ಮೇಲೆ 9% ಜಿಎಸ್‌ಟಿ. 50 ಡಾಲರ್ ಬಿಲ್ಲಿಗೆ ಬರುವಾಗ 59 ಡಾಲರ್ 95 ಸೆಂಟ್ ಆಗಿರುತ್ತೆ. ಏಜೆಂಟ್‌ಗೆ ಬಿಲ್ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಈಗ ಹಡಗು ಹತ್ತೋ ದಿನ. ನನಗೆ ಇವತ್ತಿಗೂ ಮೈ ಉರಿಯೋದು ಇದಕ್ಕೇ.

ಸಿಂಗಾಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ. ಒಂದು ಹಾರ್ಬರ್‌ಫ್ರಂಟ್‌ನಲ್ಲಿ, ವಿವೋಸಿಟಿ ಮಾಲ್ ಪಕ್ಕ, ಅದರ ಹೆಸರು ಸಿಂಗಾಪುರ್ ಕ್ರೂಸ್ ಸೆಂಟರ್. ಇನ್ನೊಂದು ಮರೀನಾ ಬೇ ಕ್ರೂಸ್ ಸೆಂಟರ್, ಮರೀನಾ ಸೌತ್ ಪಿಯರ್ ಮೆಟ್ರೋ ಸ್ಟೇಷನ್ ಕಡೆ. ನಮ್ಮ ಬೋರ್ಡಿಂಗ್ ಪಾಸ್‌ನಲ್ಲಿ ಮರೀನಾ ಬೇ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಆ ಪಾಸನ್ನ ಬೆಂಗಳೂರು ಬಿಡುವ ಮುಂಚೆಯೇ ಏಜೆಂಟ್‌ಗೆ ವಾಟ್ಸಾಪ್ ಮಾಡಿದ್ದೆ. "ನೋಟೆಡ್ ಮೇಡಂ" ಅಂತ ಉತ್ತರ, ಜೊತೆಗೆ ಕೈ ಮುಗಿಯೋ ಚಿತ್ರ. ಸ್ಕ್ರೀನ್‌ಶಾಟ್ ಇದೆ.

ವ್ಯಾನ್ ಬಂತು. ಹತ್ತಿದೆವು. ಡ್ರೈವರ್ ಇಳಿಸಿದ ಕಡೆ "ಕ್ರೂಸ್ ಸೆಂಟರ್" ಅಂತ ದೊಡ್ಡ ಬೋರ್ಡ್ ಇತ್ತು. ಲಗೇಜ್ ಇಳಿಸಿ ಹೊರಟೇಹೋದ. ಒಳಗೆ ಹೋದರೆ ದೊಡ್ಡ ಕ್ಯೂ, ಆದರೆ ಯಾರ ಹತ್ತಿರವೂ ದೊಡ್ಡ ಸೂಟ್‌ಕೇಸ್ ಇಲ್ಲ, ಎಲ್ಲರ ಬೆನ್ನಿಗೆ ಒಂದೊಂದು ಚಿಕ್ಕ ಬ್ಯಾಗು. ಮಗಳು "ಅಮ್ಮ, ಹಡಗೆಲ್ಲಿ?" ಅಂದಳು. ಕೌಂಟರ್‌ನಲ್ಲಿದ್ದ ಹುಡುಗಿ ನಮ್ಮ ಪಾಸ್ ನೋಡಿದಳು, ನಮ್ಮನ್ನ ನೋಡಿದಳು, ಮಾವನ ಕಿತ್ತಳೆ ಟೋಪಿ ನೋಡಿದಳು. ಇದು ಇಂಡೋನೇಷ್ಯಾದ ಬಾತಮ್‌ಗೆ ಹೋಗೋ ಫೆರ್ರಿ ಕ್ಯೂ, ನಿಮ್ಮ ಹಡಗು ಮರೀನಾ ಬೇಯಲ್ಲಿದೆ ಅಂದಳು. ಕಾಲು ನಡುಗಿತು. ಬಂದರಿನ ಗೇಟು ಹಡಗು ಹೊರಡೋ ಹೊತ್ತಿಗೆ ಮುಚ್ಚಲ್ಲ, ಅದಕ್ಕಿಂತ ಬಹಳ ಮುಂಚೆಯೇ ಮುಚ್ಚುತ್ತೆ. ಮುಚ್ಚಿದರೆ ಮುಗೀತು, ಕ್ರೂಸ್ ದುಡ್ಡು ಪೂರ್ತಿ ನೀರಿಗೆ.

ಏಜೆಂಟ್‌ಗೆ ಫೋನ್. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಗಂಡನ ಫೋನಿಂದ ಮಾಡಿದಾಗ ಎತ್ತಿದರು.

"ಸಿಂಗಾಪುರ್ ಕ್ರೂಸ್ ಸೆಂಟರ್ ಅಂದ್ರೆ ಅದೇ ಅಲ್ವಾ ಸರ್? ಹಡಗಿನವರು ಲಾಸ್ಟ್ ಮಿನಿಟ್‌ನಲ್ಲಿ ಜಾಗ ಬದಲಾಯಿಸಿರಬೇಕು."

ಯಾರೂ ಏನೂ ಬದಲಾಯಿಸಿಲ್ಲ. ಪಾಸ್‌ನಲ್ಲಿ ಮೊದಲಿನಿಂದಲೂ ಅದೇ ಇದೆ. ವ್ಯಾನ್ ವಾಪಸ್ ಕಳಿಸಿ ಅಂದರೆ "ಅದು ಬೇರೆ ಪಿಕಪ್‌ಗೆ ಹೋಗಿದೆ, ನೀವು ಟ್ಯಾಕ್ಸಿ ತಗೊಂಡ್ಬಿಡಿ, ಬಂದ ಮೇಲೆ ಸೆಟ್ಲ್ ಮಾಡೋಣ" ಅಂದರು.

ಗ್ರಾಬ್‌ನಲ್ಲಿ (ಓಲಾ, ಊಬರ್ ಥರದ ಆ್ಯಪ್) ಆರು ಸೀಟಿನ ಗಾಡಿ ಬುಕ್ ಮಾಡಿದೆವು. ಡ್ರೈವರ್ ಬಂದು ಮಗಳನ್ನ ನೋಡಿ, ಬೂಸ್ಟರ್ ಸೀಟ್ ಇಲ್ಲ, ಕರೆದುಕೊಂಡು ಹೋಗಲ್ಲ ಅಂದ. ಅಲ್ಲಿ 1.35 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಅದು ಕಡ್ಡಾಯ. ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ಕೊನೆಗೆ ಸ್ಟ್ಯಾಂಡ್‌ನಲ್ಲಿ ಎರಡು ಟ್ಯಾಕ್ಸಿ ಹಿಡಿದೆವು. ನಮ್ಮ ಡ್ರೈವರ್ ತಮಿಳಿನವರು, ಮಾವನಿಗೆ ತಮಿಳು ಬರುತ್ತೆ, ಮುಂದಿನ ಸೀಟಲ್ಲಿ ಇಬ್ಬರಿಗೂ ಮಾತೇ ಮಾತು. ಸೆಂಟೋಸಾ ದ್ವೀಪಕ್ಕೆ ಹೋಗೋ ಕೇಬಲ್ ಕಾರ್ ಆ ನೀರಿನ ಮೇಲೇ ಹೋಗೋದರಿಂದ 52 ಮೀಟರ್‌ಗಿಂತ ಎತ್ತರದ ಹಡಗು ಹಾರ್ಬರ್‌ಫ್ರಂಟ್‌ಗೆ ಬರೋಕೆ ಆಗಲ್ಲವಂತೆ, ಅದಕ್ಕೇ 2012ರಲ್ಲಿ ಮರೀನಾ ಬೇಯದ್ದು ಶುರುವಾಯಿತಂತೆ. ಅಂದರೆ ನಮ್ಮಂಥ ದೊಡ್ಡ ಹಡಗಿಗೆ ಯಾವ ಟರ್ಮಿನಲ್ ಅಂತ ಅಲ್ಲಿನ ಟ್ಯಾಕ್ಸಿ ಓಡಿಸೋರಿಗೂ ಗೊತ್ತು. ವರ್ಷಗಟ್ಟಲೆ ಕ್ರೂಸ್ ಪ್ಯಾಕೇಜ್ ಮಾರೋರಿಗೆ ಗೊತ್ತಿಲ್ಲ!

ಹಡಗು ಸಿಕ್ಕಿತು. ಹತ್ತು ಹದಿನೈದು ನಿಮಿಷದ ದಾರಿ, ಟ್ರಾಫಿಕ್ ಇರಲಿಲ್ಲ. ಎರಡೂ ಟ್ಯಾಕ್ಸಿಗೆ ಸೇರಿ 30 ಡಾಲರ್ ಹತ್ತಿರ ಆಯಿತು. ಸಿಕ್ಕಿದ್ದೇ ನಮ್ಮ ಕೇಸಿಗೆ ಮುಳುವಾಯಿತು ನೋಡಿ. ಆಮೇಲೆ ಯಾವಾಗ ಕೇಳಿದರೂ ಒಂದೇ ಮಾತು: "ಹಡಗು ಸಿಕ್ಕಿತಲ್ಲ ಮೇಡಂ, ಮತ್ತೇನು ಪ್ರಾಬ್ಲಂ?"

ಪ್ರಾಬ್ಲಂ ಇನ್ನೂ ಇತ್ತು. ಮಲೇಷ್ಯಾದ ಪೋರ್ಟ್ ಕ್ಲಾಂಗ್, ಪೆನಾಂಗ್ ಮುಗಿಸಿ ವಾಪಸ್ ಬರುವಾಗ ಸಿಂಗಾಪುರದ ಅರೈವಲ್ ಕಾರ್ಡ್ (ದೇಶದ ಒಳಗೆ ಬರೋಕೆ ಆನ್‌ಲೈನ್‌ನಲ್ಲಿ ತುಂಬೋ ಫಾರಂ) ಮತ್ತೆ ತುಂಬಬೇಕು ಅಂತ ಹಡಗಿನವರು ಹೇಳಿದಾಗಲೇ ಗೊತ್ತಾಗಿದ್ದು. ಹಡಗಿನ ದುಬಾರಿ ವೈಫೈ ತಗೊಂಡು ತುಂಬಿದೆವು. ಆಗ ಇನ್ನೊಂದು ಹೊರಬಿತ್ತು. ಈ ಕಾರ್ಡ್ ಪೂರ್ತಿ ಫ್ರೀ! ಸರ್ಕಾರದ ಸೈಟಲ್ಲಿ ಐದು ನಿಮಿಷದ ಕೆಲಸ. ಹೋಗುವಾಗ ಇದಕ್ಕೇ ಇವರು ತಲೆಗೆ 500 ರೂಪಾಯಿ "ಪ್ರೊಸೆಸಿಂಗ್" ಅಂತ ಇಸಿದುಕೊಂಡಿದ್ದರು. ಮೊತ್ತ ಚಿಕ್ಕದು. ಆದರೂ ಹೊಟ್ಟೆ ಉರಿಯುತ್ತೆ.

ವಾಪಸ್ ಬಂದ ದಿನ ಏರ್‌ಪೋರ್ಟ್ ವ್ಯಾನ್ ಬರಲೇ ಇಲ್ಲ. ಹಿಂದಿನ ದಿನವೇ "ಕರೆಕ್ಟ್ ಮಾಡ್ಸಿದೀನಿ ಮೇಡಂ, ಮರೀನಾ ಬೇಗೇ ಬರುತ್ತೆ" ಅಂತ ವಾಯ್ಸ್ ನೋಟ್ ಕಳಿಸಿದ್ದರು. ಮರೀನಾ ಬೇಯಲ್ಲಿ ಕಾದೆವು. ಕೊನೆಗೆ ಮತ್ತೆ ಟ್ಯಾಕ್ಸಿ. ಊರಿಗೆ ಬಂದು ರೀಫಂಡ್ ಕೇಳಿದರೆ, ನೀವೇ ಬರಲಿಲ್ಲ, ಅಲ್ಲಿನ ವೆಂಡರ್ "ನೋ ಶೋ" ಹಾಕಿದ್ದಾರೆ, ನೋ ಶೋ ಆದರೆ ರೀಫಂಡ್ ಇಲ್ಲ ಅಂದರು. ಸಾಕ್ಷಿಗೆ ಡ್ರೈವರ್ ತೆಗೆದ ಫೋಟೋ ಕೂಡ ಕಳಿಸಿದರು. ಫೋಟೋ ದೊಡ್ಡದು ಮಾಡಿ ನೋಡಿದೆ. ವ್ಯಾನ್ ನಿಂತಿದೆ, ನಮ್ಮ ಹೆಸರಿನ ಕಾಗದ ಗಾಜಿಗೆ ಅಂಟಿದೆ. ಹಿಂದೆ ವಿವೋಸಿಟಿ ಬೋರ್ಡ್!

ನಾವು ಬರಲಿಲ್ಲ ಅನ್ನೋಕೆ ಅವರು ಕೊಟ್ಟ ಸಾಕ್ಷಿಯಲ್ಲೇ ಅವರ ವ್ಯಾನ್ ತಪ್ಪು ಟರ್ಮಿನಲ್‌ನಲ್ಲಿ ನಿಂತಿದೆ. ಅದನ್ನ ಗುರುತು ಹಾಕಿ ಕಳಿಸಿದೆ. ಎರಡು ದಿನ ಮೌನ. ಆಮೇಲೆ ಆಫೀಸಿಗೇ ಹೋದೆವು. ಬುಕ್ ಮಾಡುವಾಗ ಕಾಫಿ ತರಿಸಿದ್ದವರು ಈ ಸಲ ಕೂರಿ ಅಂತಲೂ ಅನ್ನಲಿಲ್ಲ. "ಟ್ರಾವೆಲ್ ಅಂದ ಮೇಲೆ ಇದೆಲ್ಲ ಇದ್ದಿದ್ದೇ ಮೇಡಂ. ನೀವು ಸ್ವಲ್ಪ ಜಾಸ್ತಿ ಸೀರಿಯಸ್ ಆಗಿ ತಗೋತಿದೀರ" ಅಂದರು. ಪಕ್ಕದ ಟೇಬಲ್‌ನಲ್ಲಿ ಇನ್ನೊಂದು ಕುಟುಂಬ ಬುಕ್ಕಿಂಗ್ ಮಾಡುತ್ತಿತ್ತು, ಅವರ ಮುಂದೆ ಅದೇ ಕಿತ್ತಳೆ ಟೋಪಿಗಳು.

ನೀವು ಮಾಡಬೇಕಾದ್ದು ಇಷ್ಟೇ. ಹೋಟೆಲ್ ನೀವೇ ಬುಕ್ ಮಾಡಿ, ಕಿಟಕಿ ಇದೆಯಾ ನೋಡಿ, ತೋರಿಸಿದ ದರ ಪ್ಲಸ್ ಪ್ಲಸ್ ಸೇರಿಸಿದ್ದಾ ನೋಡಿ. ಟರ್ಮಿನಲ್ ಹೆಸರು ಬೋರ್ಡಿಂಗ್ ಪಾಸ್‌ನಲ್ಲಿ ಇರೋ ಹಾಗೇ ವೋಚರ್‌ನಲ್ಲಿ ಬರೆಸಿಕೊಳ್ಳಿ, "ನೋಟೆಡ್" ಅಂದರೆ ಏನೂ ನಂಬಬೇಡಿ. ಪ್ರೈವೇಟ್ ಗಾಡಿ ಅಂದರೆ ಪ್ರೈವೇಟ್ ಅಂತಲೇ ಬರೆಸಿ. ನಿಜ ಹೇಳಬೇಕಂದರೆ ಗಾಡಿ ಬುಕ್ ಮಾಡೋದೇ ಬೇಡ. ಸ್ಟ್ಯಾಂಡ್‌ನಲ್ಲಿ ಟ್ಯಾಕ್ಸಿ ಸಿಗುತ್ತೆ. ಲಗೇಜ್ ಕಡಿಮೆ ಇದ್ದರೆ ಫ್ಯಾರರ್ ಪಾರ್ಕ್‌ನಿಂದ ಧೋಬಿ ಘಾಟ್‌ಗೆ ಹೋಗಿ, ಅಲ್ಲಿ ಲೈನ್ ಬದಲಾಯಿಸಿದರೆ ಮರೀನಾ ಸೌತ್ ಪಿಯರ್, ತಲೆಗೆ 3 ಡಾಲರ್ ಕೂಡ ಆಗಲ್ಲ. ವಿದೇಶ ಪ್ಯಾಕೇಜ್ ಮಾರುವಾಗ ಏಜೆಂಟರು ಟಿಸಿಎಸ್ ತೆರಿಗೆ ಅಂತ ಹಿಡಿದ ದುಡ್ಡು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತ ಇನ್‌ಕಂ ಟ್ಯಾಕ್ಸ್ ಸೈಟಲ್ಲಿ 26ಎಎಸ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ನಮ್ಮದು ಇನ್ನೂ ಆಗಿಲ್ಲ, ಅದು ಬೇರೆ ಜಗಳ. ಮೋಸ ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾವು ದೂರು ದಾಖಲಿಸಿದ ಮೇಲೆಯೇ ಇವರಿಗೆ ನಮ್ಮ ನಂಬರ್ ನೆನಪಾಗಿದ್ದು.

ನಿನ್ನೆ ಫೋನ್ ಬಂದಿತ್ತು. ಗೂಗಲ್‌ನಲ್ಲಿ ಹಾಕಿದ ರಿವ್ಯೂ ತೆಗೆದರೆ 3,000 ರೂಪಾಯಿ ಕ್ರೆಡಿಟ್ ನೋಟ್ ಕೊಡುತ್ತಾರಂತೆ. ಯಾವ ಟೂರಿಗೆ ಬಳಸಬಹುದು ಅಂತ ಕೇಳಿದೆ. ಆರು ತಿಂಗಳ ಒಳಗೆ ಅವರದ್ದೇ ಸಿಂಗಾಪುರ ಪ್ಯಾಕೇಜಿಗೆ ಮಾತ್ರವಂತೆ.